ಶುಲ್ಕ 1,600, ಸಹಿ 12ನೇ ಅಂಕಣದಲ್ಲಿ: ಅಧ್ಯಾಪಕರಿಗೆ ಪೇಟೆಂಟ್ ಇ-ಫೈಲಿಂಗ್ ಸೇವೆ ಹೇಗಿದೆ?

ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ಉಪ್ಪಾಗೆ ಹಣ್ಣು ಒಣಗಿಸುವ ಹೊಸ ಡ್ರೈಯರ್ ತಯಾರಾಗಲಿ, ಕಾರವಾರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಡಿಕೆ ಸುಲಿಯುವ ಯಂತ್ರಕ್ಕೆ ಹೊಸ ಬ್ಲೇಡ್ ಜೋಡಣೆ ಹೊಳೆಯಲಿ, ಪೇಟೆಂಟ್ ಅರ್ಜಿಗಾಗಿ ಈಗ ಯಾರೂ ಊರು ಬಿಡಬೇಕಿಲ್ಲ. ಕರ್ನಾಟಕ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರಿದ್ದರೂ ಅರ್ಜಿ, ಶುಲ್ಕ, ಆಕ್ಷೇಪಣೆಗೆ ಉತ್ತರ, ಕೊನೆಗೆ ವಿಚಾರಣೆ ಕೂಡ ಕುಳಿತಲ್ಲಿಂದಲೇ ನಡೆಯುತ್ತದೆ. ಇಲ್ಲಿ ವಿಮರ್ಶೆ ಮಾಡುತ್ತಿರುವುದು ಆ ಆನ್‌ಲೈನ್ ಸೇವೆಯನ್ನು. ಕಂಪನಿಯವರಿಗೆ ಅದು ಹೇಗಿದೆ ಎಂಬುದು ನಮ್ಮ ಪ್ರಶ್ನೆಯಲ್ಲ. ಸಂಬಳಕ್ಕೆ ಪಾಠ ಮಾಡುತ್ತ, ಕಾಲೇಜಿನ ಪ್ರಯೋಗಾಲಯದಲ್ಲಿ, ವಿದ್ಯಾರ್ಥಿಗಳ ಜೊತೆ ಸೇರಿ ಹೊಸದನ್ನು ಮಾಡುವ ಅಧ್ಯಾಪಕರಿಗೆ ಅದು ಎಷ್ಟು ಒದಗುತ್ತದೆ ಎಂದು ನೋಡಬೇಕು.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಸೇವೆ ಅಗ್ಗ, ನಂಬಿಕಸ್ತ, ಪಾರದರ್ಶಕ. ಆದರೆ ‘ಇದು ಯಾರ ಸ್ವತ್ತು?’ ಎಂಬ ಪ್ರಶ್ನೆಗೆ ನೀವು ಟೈಪ್ ಮಾಡಿದ್ದನ್ನೇ ಅದು ಉತ್ತರವೆಂದು ಒಪ್ಪಿಕೊಳ್ಳುತ್ತದೆ. ನಿಮ್ಮ ನೇಮಕಾತಿ ಆದೇಶದಲ್ಲಿ ಏನಿದೆ, ವಿಶ್ವವಿದ್ಯಾಲಯದ ನಿಯಮ ಏನು ಹೇಳುತ್ತದೆ, ಅನುದಾನ ಕೊಟ್ಟವರ ಷರತ್ತು ಏನು ಎಂದು ಪೋರ್ಟಲ್ ಕೇಳುವುದಿಲ್ಲ. ಅಲ್ಲಿ ಅವಸರದಲ್ಲಿ ತುಂಬಿದ ಎರಡು ಸಾಲು ಮುಂದೆ ಇಪ್ಪತ್ತು ವರ್ಷ ಬೆನ್ನಿಗೆ ಬೀಳುತ್ತದೆ.

ದುಡ್ಡಿನ ವಿಷಯದಲ್ಲಿ ದೂರಲು ಏನೂ ಇಲ್ಲ

2021ರ ಸೆಪ್ಟೆಂಬರ್‌ನಲ್ಲಿ ನಿಯಮ ತಿದ್ದುಪಡಿಯಾದ ಮೇಲೆ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇ. 80ರಷ್ಟು ರಿಯಾಯಿತಿ ಸಿಕ್ಕಿತು. ಅದಕ್ಕೂ ಮುಂಚೆ ವಿಶ್ವವಿದ್ಯಾಲಯವೂ ದೊಡ್ಡ ಕಂಪನಿಯ ದರವನ್ನೇ ಕಟ್ಟಬೇಕಿತ್ತು. ಆನ್‌ಲೈನ್ ಅರ್ಜಿಗೆ 8,000 ಇದ್ದದ್ದು ಈಗ 1,600 ರೂಪಾಯಿ. ವ್ಯಕ್ತಿಯೊಬ್ಬರು ಸ್ವಂತ ಹೆಸರಿನಲ್ಲಿ ಹಾಕಿದರೂ ಅಷ್ಟೇ. ಬೇಗ ಪ್ರಕಟಿಸಿ ಎಂದು ಕೇಳುವ ಫಾರಂ 9ಕ್ಕೆ 2,500, ಪರೀಕ್ಷೆಗೆ ಎತ್ತಿಕೊಳ್ಳಿ ಎಂದು ಕೇಳುವ ಫಾರಂ 18ಕ್ಕೆ 4,000. ಮೂರೂ ಕೂಡಿದರೆ 8,100. ವಿವರಣೆ 30 ಪುಟ ದಾಟಿದರೆ ಹೆಚ್ಚುವರಿ ಪುಟಕ್ಕೆ 160ರಂತೆ, ಆವಿಷ್ಕಾರದಲ್ಲಿ ಯಾವುದು ತಮ್ಮದೆಂದು ಹೇಳುವ ಹಕ್ಕು ಕೋರಿಕೆಗಳು (ಕ್ಲೇಮ್) ಹತ್ತು ದಾಟಿದರೆ ಒಂದೊಂದಕ್ಕೆ 320ರಂತೆ ಸೇರುತ್ತದೆ. ಕಾಗದದಲ್ಲಿ ಕೊಟ್ಟರೆ ಶೇ. 10 ಜಾಸ್ತಿ. ಫಾರಂ 9 ಬಿಟ್ಟರೂ ನಷ್ಟವಿಲ್ಲ, 18 ತಿಂಗಳ ನಂತರ ಅರ್ಜಿ ಹೇಗೂ ಪ್ರಕಟವಾಗುತ್ತದೆ.

ಈ ರಿಯಾಯಿತಿ ಬೇಕಾದರೆ ಫಾರಂ 28 ಜೊತೆಗೆ ಸಂಸ್ಥೆಯ ಮಾನ್ಯತೆಯ ದಾಖಲೆ ಸೇರಿಸಬೇಕು. ಕೇಂದ್ರ ಅಥವಾ ರಾಜ್ಯ ಕಾಯ್ದೆಯಡಿ ಸ್ಥಾಪನೆಯಾದ ವಿಶ್ವವಿದ್ಯಾಲಯ, ಇಲ್ಲವೇ ಸರಕಾರ ಗುರುತಿಸಿದ ಪ್ರಾಧಿಕಾರದ ಮಾನ್ಯತೆ ಇರುವ ಸಂಸ್ಥೆ ಎಂಬುದಕ್ಕೆ ಅದು ಸಾಕ್ಷಿ. ಇನ್ನೊಂದು ಎಚ್ಚರಿಕೆ: ಯಂತ್ರ ತಯಾರಿಸುವ ಕಂಪನಿಯನ್ನು ಸಹ-ಅರ್ಜಿದಾರರಾಗಿ ಸೇರಿಸಿಕೊಂಡು, ಅದು ಸಣ್ಣ ಉದ್ಯಮವೂ ಸ್ಟಾರ್ಟ್‌ಅಪ್ಪೂ ಅಲ್ಲದಿದ್ದರೆ, ಇಡೀ ಅರ್ಜಿ 8,000ದ ದರಕ್ಕೆ ಏರುತ್ತದೆ.

ಒಳಗೆ ಹೋಗುವ ದಾರಿ

ನೋಂದಣಿಗೂ ಸಹಿಗೂ ಕ್ಲಾಸ್ 3 ಡಿಜಿಟಲ್ ಸಹಿ ಬೇಕು, ಯುಎಸ್‌ಬಿ ಟೋಕನ್‌ನಲ್ಲಿ ಬರುವಂಥದ್ದು. ಟೋಕನ್‌ನ ಡ್ರೈವರ್ ಕಂಪ್ಯೂಟರಿಗೆ ಹಾಕದಿದ್ದರೆ ಎಲ್ಲ ತುಂಬಿ ಮುಗಿದ ಮೇಲೆ, ಸಹಿ ಮಾಡುವ ಹೊತ್ತಿಗೆ ಕೆಲಸ ನಿಲ್ಲುತ್ತದೆ. ಅರ್ಜಿದಾರರೇ ಅರ್ಜಿ ಹಾಕಬಹುದು, ಪೇಟೆಂಟ್ ಏಜೆಂಟ್ ಕಡ್ಡಾಯವಲ್ಲ. ಏಜೆಂಟ್ ಇದ್ದರೆ ಫಾರಂ 26ರಲ್ಲಿ ಅಧಿಕಾರ ಪತ್ರ ಕೊಡಬೇಕು. ಅಪ್‌ಲೋಡ್ ಮಾಡಿದ ದಾಖಲೆಗಳ ಮೂಲ ಪ್ರತಿಯನ್ನು ಕಚೇರಿ ಕೇಳಿದರೆ 15 ದಿನದೊಳಗೆ ಮುಟ್ಟಿಸಬೇಕು. ಆದ್ದರಿಂದ ಸ್ಕ್ಯಾನ್ ಆಯಿತೆಂದು ಮೂಲ ಕಾಗದವನ್ನು ಎಲ್ಲೋ ಸೇರಿಸಿಬಿಡಬೇಡಿ. ಭಾಷೆ ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಕನ್ನಡದಲ್ಲಿ ಅರ್ಜಿ ಹಾಕುವಂತಿಲ್ಲ ಎಂಬುದು ಈ ಸೇವೆಯ ದೊಡ್ಡ ಕೊರತೆ. ಗದ್ದೆ–ತೋಟದ ಉಪಕರಣಗಳ ಭಾಗಗಳಿಗೆ ನಮ್ಮಲ್ಲಿ ಇರುವಷ್ಟು ನಿಖರವಾದ ಹೆಸರುಗಳು ಇಂಗ್ಲಿಷಿನಲ್ಲಿ ಸಿಗುವುದಿಲ್ಲ. ಮರದಿಂದ ಕಾಯಿ ಕೊಯ್ಯುವ ‘ದೋಟಿ’ಯನ್ನು ‘ಕೋಲು’ ಎಂಬರ್ಥದ ಪದದಲ್ಲಿ ಬರೆದರೆ ಅರ್ಧ ಅರ್ಥ ಸೋರಿಹೋಗುತ್ತದೆ. ಅಂಥಲ್ಲಿ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿಟ್ಟು, ಅದರ ಉದ್ದ, ತುದಿಯ ಜೋಡಣೆ, ತೂಕ ಎಲ್ಲವನ್ನೂ ವಿವರಣೆಯಲ್ಲಿ ಬಿಡಿಸಿ ಬರೆಯುವುದೇ ಸರಿ.

ಕೆಲಸ ಇನ್ನೂ ಪೂರ್ತಿಯಾಗದಿದ್ದರೆ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ ದಿನಾಂಕ ಹಿಡಿದಿಟ್ಟುಕೊಳ್ಳಬಹುದು. ಆಮೇಲೆ 12 ತಿಂಗಳೊಳಗೆ ಪೂರ್ಣ ವಿವರಣೆ ಹಾಕಬೇಕು. ತಪ್ಪಿದರೆ ಅರ್ಜಿ ಕೈಬಿಟ್ಟಂತೆ. ಗಡುವು ಜೂನ್–ಜುಲೈಗೆ ಬರುವಂತಿದ್ದರೆ ಕೊನೆಯ ವಾರಕ್ಕೆ ಉಳಿಸಬೇಡಿ. ಘಟ್ಟದ ಮೇಲೆ ಆ ದಿನಗಳಲ್ಲಿ ಕರೆಂಟೂ ನೆಟ್‌ವರ್ಕೂ ಹೇಗಿರುತ್ತವೆ ಎಂದು ಎಲ್ಲರಿಗೂ ಗೊತ್ತು.

ಫಾರಂ 1ರ 12ನೇ ಅಂಕಣ

ಈ ವಿಮರ್ಶೆಯ ಮುಖ್ಯ ಭಾಗ ಇದು. ಪೇಟೆಂಟ್ ಅರ್ಜಿಯ ಮುಖ್ಯ ನಮೂನೆಯಾದ ಫಾರಂ 1ರಲ್ಲಿ ಅರ್ಜಿದಾರರ ಹೆಸರಿಗೆ ಒಂದು ಅಂಕಣ, ಆವಿಷ್ಕಾರಕರ ಹೆಸರಿಗೆ ಇನ್ನೊಂದು ಅಂಕಣ. ಇಬ್ಬರೂ ಒಂದೇ ಆಗಿರಬೇಕಿಲ್ಲ. ಆವಿಷ್ಕಾರಕರು ಯಾವತ್ತೂ ಮನುಷ್ಯರು, ತಲೆ ಓಡಿಸಿದವರು. ಪೇಟೆಂಟ್ ಬಂದರೆ ಮಾಲೀಕರಾಗುವವರು ಅರ್ಜಿದಾರರು. ಅಧ್ಯಾಪಕರ ಹೆಸರು ಆವಿಷ್ಕಾರಕರ ಅಂಕಣದಲ್ಲಿದ್ದು ವಿಶ್ವವಿದ್ಯಾಲಯದ ಹೆಸರು ಅರ್ಜಿದಾರರ ಅಂಕಣದಲ್ಲಿದ್ದರೆ, ಕೀರ್ತಿ ಅಧ್ಯಾಪಕರದು, ಸ್ವತ್ತು ವಿಶ್ವವಿದ್ಯಾಲಯದ್ದು.

12ನೇ ಅಂಕಣದ ಮೊದಲ ಘೋಷಣೆಯಲ್ಲಿ ಆವಿಷ್ಕಾರಕರು ಸಹಿ ಹಾಕುತ್ತಾರೆ. ಅದರ ತಾತ್ಪರ್ಯ: ನಾವೇ ನಿಜವಾದ, ಮೊದಲ ಆವಿಷ್ಕಾರಕರು, ಮತ್ತು ಇಲ್ಲಿ ಹೆಸರಿಸಿದ ಅರ್ಜಿದಾರರು ನಮ್ಮಿಂದ ಹಕ್ಕು ಪಡೆದವರು. ಬಹಳ ಕಡೆ ಇದು ಹಾಜರಿ ಪಟ್ಟಿಯಂತೆ ಮೇಜಿನಿಂದ ಮೇಜಿಗೆ ಸುತ್ತಿ ಬರುತ್ತದೆ, ಓದದೆ ಸಹಿ ಬೀಳುತ್ತದೆ. ಆದರೆ ಅರ್ಜಿ ಹಾಕುವ ಹಕ್ಕಿಗೆ ಆಧಾರವಾಗಿ ಪೇಟೆಂಟ್ ಕಚೇರಿ ಹಿಡಿಯುವುದು ಇದೇ ಸಾಲನ್ನು. ಇಲ್ಲಿ ಸಹಿ ಇಲ್ಲದಿದ್ದರೆ ಪ್ರತ್ಯೇಕ ಹಕ್ಕು ವರ್ಗಾವಣೆ ಪತ್ರವನ್ನು ಅರ್ಜಿಯ ಜೊತೆಗೆ ಅಥವಾ ಆರು ತಿಂಗಳೊಳಗೆ ಸಲ್ಲಿಸಬೇಕು. ಅದೂ ಇಲ್ಲದಿದ್ದರೆ ಪರೀಕ್ಷಾ ವರದಿಯಲ್ಲಿ ಆಕ್ಷೇಪಣೆ ಬರುತ್ತದೆ. ಅಷ್ಟರಲ್ಲಿ ಆವಿಷ್ಕಾರಕರಲ್ಲಿ ಒಬ್ಬರಾದ ಹಳೆಯ ವಿದ್ಯಾರ್ಥಿ ದುಬೈಯಲ್ಲೋ ಪುಣೆಯಲ್ಲೋ ಕೆಲಸಕ್ಕೆ ಸೇರಿರುತ್ತಾರೆ, ಒಂದು ಸಹಿಗಾಗಿ ತಿಂಗಳುಗಟ್ಟಲೆ ಅಲೆದಾಟ.

ಕಾನೂನು ಇಲ್ಲಿ ಅಧ್ಯಾಪಕರ ಪರವಾಗಿಯೇ ಶುರುವಾಗುತ್ತದೆ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 6ರ ಪ್ರಕಾರ ಅರ್ಜಿ ಹಾಕಬಹುದಾದವರು ಮೂರು ಬಗೆ: ನಿಜವಾದ ಮೊದಲ ಆವಿಷ್ಕಾರಕರು, ಅವರಿಂದ ಹಕ್ಕು ಪಡೆದವರು, ತೀರಿಹೋದವರ ಕಾನೂನುಬದ್ಧ ಪ್ರತಿನಿಧಿ. ನೌಕರ ಮಾಡಿದ್ದೆಲ್ಲ ತಾನಾಗಿಯೇ ಮಾಲೀಕನದು ಎನ್ನುವ ಸೆಕ್ಷನ್ ಈ ಕಾಯ್ದೆಯಲ್ಲಿಲ್ಲ. ಹಾಗಾಗಿ ವಿಶ್ವವಿದ್ಯಾಲಯಕ್ಕೆ ಹಕ್ಕು ಹೋಗಬೇಕಾದರೆ ಕಾಗದ ಬೇಕು. ನೇಮಕಾತಿ ಷರತ್ತು, ಸೇವಾ ನಿಯಮ, ಸಂಸ್ಥೆಯ ಬೌದ್ಧಿಕ ಆಸ್ತಿ ನೀತಿ, ವರ್ಗಾವಣೆ ಪತ್ರ, ಇವುಗಳಲ್ಲಿ ಒಂದಾದರೂ ಇರಬೇಕು, ಮತ್ತು ಅದು ಸ್ಪಷ್ಟವಾಗಿರಬೇಕು.

ಕೃತಿಸ್ವಾಮ್ಯದಲ್ಲಿ (ಕಾಪಿರೈಟ್) ಲೆಕ್ಕ ತಿರುಗುಮುರುಗು. 1957ರ ಕಾಯ್ದೆಯ ಸೆಕ್ಷನ್ 17ರ (ಸಿ) ಉಪವಿಧಿಯಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಕೆಲಸವಾಗಿ ಬರೆದದ್ದರ ಮೊದಲ ಮಾಲೀಕ ಉದ್ಯೋಗದಾತ. ಕಾಲೇಜು ಒಪ್ಪಿಸಿದ ಕೆಲಸವೆಂದು ತಯಾರಿಸಿದ ಸಾಫ್ಟ್‌ವೇರ್, ಪ್ರಯೋಗ ಕೈಪಿಡಿ ಇದರೊಳಗೆ ಬೀಳಬಹುದು. ಮನೆಯಲ್ಲಿ ಕುಳಿತು, ಕೆಲಸಕ್ಕೆ ಸಂಬಂಧವಿಲ್ಲದೆ ಬರೆದ ಪುಸ್ತಕ ಬೀಳುವುದಿಲ್ಲ. ಒಂದೇ ಯೋಜನೆಯಲ್ಲಿ ಯಂತ್ರವೂ ಇದ್ದು ಅದನ್ನು ನಡೆಸುವ ಸಾಫ್ಟ್‌ವೇರ್ ಕೂಡ ಇದ್ದರೆ, ಒಂದೇ ಮೇಜಿನ ಮೇಲಿನ ಎರಡು ವಸ್ತುಗಳಿಗೆ ಎರಡು ಬೇರೆ ಬೇರೆ ಆರಂಭದ ಮಾಲೀಕರು! ಒಂದೇ ಕಾಗದದಲ್ಲಿ ಎರಡನ್ನೂ ಸೇರಿಸಿ ಬರೆದುಕೊಳ್ಳುವುದು ಇದಕ್ಕಾಗಿಯೇ.

ಕಾಗದದಲ್ಲಿ ಬಳಸುವ ಕ್ರಿಯಾಪದ ಎಷ್ಟು ಮುಖ್ಯ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ನೋಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ತಮ್ಮ ಸಂಸ್ಥೆಗೆ ಹಕ್ಕು ‘ವರ್ಗಾಯಿಸಲು ಒಪ್ಪುತ್ತೇನೆ’ ಎಂದು ಬರೆದುಕೊಟ್ಟಿದ್ದರು. ಆಮೇಲೆ ಎಚ್‌ಐವಿ ಅಳೆಯುವ ತಂತ್ರ ಕಲಿಯಲು ಸೀಟಸ್ ಎಂಬ ಕಂಪನಿಗೆ ಹೋದಾಗ ಅಲ್ಲಿನ ಕಾಗದದಲ್ಲಿ ‘ಈ ಮೂಲಕ ವರ್ಗಾಯಿಸುತ್ತೇನೆ’ ಎಂದಿತ್ತು. ಮೊದಲನೆಯದು ಮುಂದೆ ಕೊಡುವ ಮಾತು, ಎರಡನೆಯದು ಆಗಲೇ ಕೊಟ್ಟದ್ದು. ಆ ಕಂಪನಿಯ ಹಕ್ಕು ಮುಂದೆ ರೋಶ್ ಎಂಬ ಔಷಧ ಕಂಪನಿಯ ಕೈಗೆ ಬಂತು. ಸರಕಾರಿ ಅನುದಾನದ ಕಾಯ್ದೆ ಇದೆ ಎಂದ ಮಾತ್ರಕ್ಕೆ ಆವಿಷ್ಕಾರ ತಾನಾಗಿ ವಿಶ್ವವಿದ್ಯಾಲಯದ್ದಾಗುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ನಮ್ಮಲ್ಲಿ ಅಂಥ ಕಾಯ್ದೆಯೂ ಇಲ್ಲ. 2008ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆಯನ್ನು 2014ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಬೇರೆ ಊರಿನ ಪ್ರಯೋಗಾಲಯಕ್ಕೋ ಕಾರ್ಖಾನೆಗೋ ಮಾದರಿ ಪರೀಕ್ಷೆಗೆ ಹೋಗುವ ಅಧ್ಯಾಪಕರು ಅಲ್ಲಿ ಗೇಟಿನಲ್ಲಿ ಕೊಡುವ ಗೋಪ್ಯತಾ ಪತ್ರವನ್ನು ಕೊನೆಯ ಸಾಲಿನವರೆಗೆ ಓದಬೇಕು.

ಅರ್ಜಿದಾರರೆಂದು ಯಾರ ಹೆಸರು ಬರೆಯಬೇಕು?

ಇಲ್ಲಿ ಆಗುವ ತಪ್ಪುಗಳೇ ಹೆಚ್ಚು. ಶಿರಸಿಯ ಅರಣ್ಯ ಮಹಾವಿದ್ಯಾಲಯ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅಂಗ. ಕಾರವಾರದ ಕೋಡಿಬಾಗದಲ್ಲಿರುವ ಕಡಲ ಜೀವಶಾಸ್ತ್ರ ವಿಭಾಗ ಕರ್ನಾಟಕ ವಿಶ್ವವಿದ್ಯಾಲಯದ್ದು. ಇಂಥಲ್ಲಿ ಸಂಸ್ಥೆಯ ಪಾಲಿಗೆ ಅರ್ಜಿದಾರರು ವಿಶ್ವವಿದ್ಯಾಲಯವೇ, ಡೀನ್ ಅಥವಾ ಮುಖ್ಯಸ್ಥರಲ್ಲ. ಖಾಸಗಿ ಆಡಳಿತದ ಕಾಲೇಜುಗಳಲ್ಲಿ ಕಾಲೇಜು ಸ್ವತಃ ನೋಂದಾಯಿತ ಸಂಸ್ಥೆಯಾಗಿರದೆ, ಅದನ್ನು ನಡೆಸುವ ಎಜುಕೇಶನ್ ಸೊಸೈಟಿ ಅಥವಾ ಟ್ರಸ್ಟ್ ನೋಂದಾಯಿತವಾಗಿರುವುದು ಸಾಮಾನ್ಯ. ಕಾನೂನಿನ ಕಣ್ಣಿಗೆ ವ್ಯಕ್ತಿಯಲ್ಲದ ಹೆಸರಿನಲ್ಲಿ ಆಸ್ತಿ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ನೋಂದಣಿ ಪತ್ರ ತೆಗೆದು ನೋಡಿ, ಅದರಲ್ಲಿರುವ ಹೆಸರನ್ನು ಅಕ್ಷರಕ್ಕೆ ಅಕ್ಷರ ಹಾಗೆಯೇ ಬರೆಯಿರಿ, ಆಡಳಿತ ಮಂಡಳಿ ಯಾರಿಗೆ ಸಹಿಯ ಅಧಿಕಾರ ಕೊಟ್ಟಿದೆ ಎಂಬ ಠರಾವಿನ ಪ್ರತಿ ಇಟ್ಟುಕೊಳ್ಳಿ. ಸರಕಾರಿ ಕಾಲೇಜಾದರೆ ಪ್ರಾಂಶುಪಾಲರು ತಮ್ಮ ಹೆಸರಿನಲ್ಲಿ ಹಾಕುವುದು ಸರಿಯಲ್ಲ. ಅವರಿಗೆ ವರ್ಗವಾದ ಮೇಲೂ ಅರ್ಜಿದಾರರು ಅವರೇ ಆಗಿ ಉಳಿಯುತ್ತಾರೆ. ಇಲಾಖೆಯ ಲಿಖಿತ ಅನುಮತಿ ತೆಗೆದುಕೊಂಡು ಹೆಸರು ನಿಗದಿ ಮಾಡಿಕೊಳ್ಳಬೇಕು.

ಕಾಲೇಜಿನ ಹೆಸರೂ ಇರಲಿ, ನಮ್ಮ ಹೆಸರೂ ಇರಲಿ ಎಂದು ಜಂಟಿ ಅರ್ಜಿ ಹಾಕುವವರು ಬಹಳ. ಕೇಳಲು ನ್ಯಾಯವಾಗಿದೆ. ಆದರೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 50 ಓದದೆ ಹಾಗೆ ಮಾಡಬೇಡಿ. ಬೇರೆ ಒಪ್ಪಂದ ಇಲ್ಲದಿದ್ದರೆ ಜಂಟಿ ಮಾಲೀಕರಿಗೆ ಸಮಪಾಲು. ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಲೆಕ್ಕ ಕೊಡದೆ ತಾವೇ ಬಳಸಿಕೊಳ್ಳಬಹುದು, ಆದರೆ ಎಲ್ಲರ ಒಪ್ಪಿಗೆ ಇಲ್ಲದೆ ಲೈಸೆನ್ಸ್ ಕೊಡುವಂತಿಲ್ಲ, ತಮ್ಮ ಪಾಲನ್ನು ಮಾರುವಂತೆಯೂ ಇಲ್ಲ. ಒಬ್ಬ ಅಧ್ಯಾಪಕ, ಮೂವರು ವಿದ್ಯಾರ್ಥಿಗಳು, ಒಂದು ಕಾಲೇಜು ಎಂದು ಐವರನ್ನು ಅರ್ಜಿದಾರರನ್ನಾಗಿಸಿದರೆ, ನಾಳೆ ಹುಬ್ಬಳ್ಳಿಯ ತಯಾರಕರೊಬ್ಬರು ಡ್ರೈಯರ್ ಮಾಡಿ ಮಾರುತ್ತೇವೆ ಎಂದು ಬಂದಾಗ ಐದು ಸಹಿ ಬೇಕು. ಒಬ್ಬರು ಸಿಗದಿದ್ದರೂ ಕೆಲಸ ನಿಂತಂತೆ. ಒಬ್ಬರೇ ಅರ್ಜಿದಾರರಿದ್ದು, ಬಂದ ಆದಾಯದಲ್ಲಿ ಯಾರಿಗೆಷ್ಟು ಎಂದು ಬೇರೆ ಕಾಗದದಲ್ಲಿ ಬರೆದುಕೊಳ್ಳುವುದು ಇದಕ್ಕಿಂತ ಎಷ್ಟೋ ಗಟ್ಟಿ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವಾಲಯದ 2000ದ ಸೂಚನೆಗಳಲ್ಲಿ ಅದರ ಅನುದಾನದ ಯೋಜನೆಗಳ ಹಕ್ಕನ್ನು ಸಂಸ್ಥೆಯೇ ಇಟ್ಟುಕೊಳ್ಳಬಹುದು, ಆವಿಷ್ಕಾರಕರಿಗೆ ನಿಜವಾದ ಗಳಿಕೆಯ ಮೂರನೇ ಒಂದು ಭಾಗದವರೆಗೆ ಪಾಲು ಕೊಡಬಹುದು ಎಂದಿದೆ. ನಿಮ್ಮ ಸಂಸ್ಥೆಯಲ್ಲಿ ನೀತಿಯೇ ಇಲ್ಲದಿದ್ದರೆ ಮಾತುಕತೆಗೆ ಅದನ್ನು ಆರಂಭದ ಅಳತೆಯಾಗಿ ಮುಂದಿಡಬಹುದು.

ವಿದ್ಯಾರ್ಥಿಗಳನ್ನು ಮರೆಯಬಾರದು. ಅವರು ಫೀ ಕಟ್ಟುವವರು, ನೌಕರರಲ್ಲ. ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ಬ್ಲೇಡಿನ ಕೋನ ಬದಲಿಸಿದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ ಎಂದು ಕಂಡುಕೊಂಡದ್ದು ವಿದ್ಯಾರ್ಥಿನಿಯಾದರೆ ಆವಿಷ್ಕಾರಕಿ ಅವಳು. ವೆಲ್ಡಿಂಗ್ ಮಾಡಿಕೊಟ್ಟವರು, ಅಳತೆ ಬರೆದುಕೊಂಡವರು, ಕೊಠಡಿ ಕೊಟ್ಟ ಮುಖ್ಯಸ್ಥರು ಆವಿಷ್ಕಾರಕರಲ್ಲ. ಅವಳ ಹೆಸರು ಬಿಟ್ಟು ಮುಖ್ಯಸ್ಥರ ಹೆಸರು ಹಾಕುವುದು ಅನ್ಯಾಯ ಮಾತ್ರವಲ್ಲ, ಪೇಟೆಂಟಿನ ಬುಡಕ್ಕೇ ಪೆಟ್ಟು. ಬೇರೆಯವರಿಂದ ತಪ್ಪಾಗಿ ಪಡೆದದ್ದು ಎಂಬುದು ವಿರೋಧಕ್ಕೂ ರದ್ದತಿಗೂ ಕಾಯ್ದೆಯಲ್ಲೇ ಹೇಳಿದ ಕಾರಣ. ಪ್ರಾಜೆಕ್ಟ್ ಶುರುವಾಗುವ ದಿನವೇ ಒಂದು ಪುಟದ ಒಪ್ಪಂದ ಮಾಡಿಕೊಳ್ಳಿ. ಪ್ರಯೋಗದ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ, ಯಾವ ಯೋಚನೆ ಯಾರದ್ದು ಎಂದು ಬರೆದು, ಇಬ್ಬರೂ ಸಹಿ ಮಾಡಿ.

ತಪ್ಪಾಗಿಬಿಟ್ಟಿದ್ದರೆ ದಾರಿ ಮುಚ್ಚಿಲ್ಲ, ಇದು ಸೇವೆಯ ಒಳ್ಳೆಯ ಗುಣ. ಪೇಟೆಂಟ್ ಸಿಗುವ ಮೊದಲಾದರೆ ವರ್ಗಾವಣೆ ಪತ್ರದೊಂದಿಗೆ ಫಾರಂ 6 ಹಾಕಿ ಅರ್ಜಿದಾರರನ್ನು ಬದಲಿಸಬಹುದು. ಸಿಕ್ಕ ಮೇಲಾದರೆ ಫಾರಂ 16.

ಕಾಡಿನದು, ಕಡಲಿನದು

ಉತ್ತರ ಕನ್ನಡದಲ್ಲಿ ಸಂಶೋಧನೆ ಎಂದರೆ ಬಹಳಷ್ಟು ಸಲ ಗಿಡ, ಬೀಜ, ಸೂಕ್ಷ್ಮಜೀವಿ, ಅಡುಗೆ. ಇಲ್ಲಿ ‘ಯಾರ ಸ್ವತ್ತು’ ಎಂಬ ಪ್ರಶ್ನೆಯ ಜೊತೆಗೆ ‘ಸ್ವತ್ತು ಆಗಬಹುದೇ’ ಎಂಬುದೂ ಸೇರಿಕೊಳ್ಳುತ್ತದೆ. ಪೇಟೆಂಟ್ ಕಾಯ್ದೆಯ ಸೆಕ್ಷನ್ 3 ಇದಕ್ಕೆ ಜರಡಿ. ಅಪ್ಪೆಮಿಡಿ ಉಪ್ಪಿನಕಾಯಿಯ ಮನೆತನದ ಪಾಕವಿಧಾನ ಪಾರಂಪರಿಕ ಜ್ಞಾನ, ಪೇಟೆಂಟ್ ಇಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಇಂಥ ದಿನ ಇಷ್ಟು ಸಲ ಹೊಡೆಯಬೇಕು ಎಂಬ ಕ್ರಮ ಕೃಷಿ ವಿಧಾನ, ಅದಕ್ಕೂ ಇಲ್ಲ. ಆದರೆ ನೆಲದ ಮೇಲೇ ನಿಂತು ಮರದ ತುದಿಗೆ ಅದನ್ನು ಹೊಡೆಯುವ ದೋಟಿಯ ಹೊಸ ನಳಿಕೆ ಯಂತ್ರ, ಹೊಸದಾಗಿದ್ದು ಸಹಜವಾಗಿ ಹೊಳೆಯುವಂಥದ್ದಲ್ಲದಿದ್ದರೆ ಅದಕ್ಕೆ ಸಿಗಬಹುದು. ಕಾಳಿ ಅಳಿವೆಯ ಕೆಸರಿನಲ್ಲಿ ಕಂಡ ಬ್ಯಾಕ್ಟೀರಿಯಾ ಪ್ರಕೃತಿಯಲ್ಲೇ ಇದ್ದದ್ದು, ಅದು ಯಾರದೂ ಅಲ್ಲ. ಅದನ್ನು ಬಳಸಿ ಮಾಡುವ ಹೊಸ ಪ್ರಕ್ರಿಯೆಗೆ ಅರ್ಜಿ ಹಾಕಬಹುದು. ಬರಹದಲ್ಲಿ ಪೂರ್ತಿ ವಿವರಿಸಲಾಗದ, ಹೊರಗಿನವರಿಗೆ ಸಿಗದ ಜೀವಿಯಾದರೆ ಅದನ್ನು ಅರ್ಜಿಯ ದಿನ ಮೀರದಂತೆ ಚಂಡೀಗಢದ ಎಂಟಿಸಿಸಿಯಂಥ ಮಾನ್ಯ ಭಂಡಾರದಲ್ಲಿ ಠೇವಣಿ ಇಡಬೇಕು. ಜೈವಿಕ ವಸ್ತು ಎಲ್ಲಿಂದ ಬಂತು ಎಂಬುದನ್ನು ವಿವರಣೆಯಲ್ಲಿ ಹೇಳುವುದು ಕಡ್ಡಾಯ.

ಅಂಕಣ 12ರ ಇನ್ನೊಂದು ಘೋಷಣೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಭಾರತದ ಜೈವಿಕ ವಸ್ತು ಬಳಸಿದ್ದರೆ ಸಂಬಂಧಪಟ್ಟ ಪ್ರಾಧಿಕಾರದ ಅನುಮತಿಯನ್ನು ಪೇಟೆಂಟ್ ಸಿಗುವ ಮೊದಲು ಕೊಡುತ್ತೇವೆ ಎಂಬ ಮಾತು. ಜೀವವೈವಿಧ್ಯ ಕಾಯ್ದೆಗೆ 2023ರಲ್ಲಾದ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಭಾರತೀಯ ಅರ್ಜಿದಾರರು ಪೇಟೆಂಟ್ ಸಿಗುವ ಮೊದಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿದರೆ ಸಾಕು. ವಾಣಿಜ್ಯ ಬಳಕೆಗೆ ಇಳಿಯುವಾಗ ಪೂರ್ವಾನುಮತಿ ಬೇಕು. ಮೊದಲಿಗಿಂತ ಇದು ಹಗುರ. ಆದರೆ ಮುರುಗಲು, ಉಪ್ಪಾಗೆ, ಬಳಚು, ಹೀಗೆ ಇಲ್ಲಿಯ ಯಾವುದನ್ನು ಬಳಸಿದರೂ ಆ ಘೋಷಣೆಯನ್ನು ಹೊಡೆದುಹಾಕಬೇಡಿ.

ಶಿರಸಿ ಸುಪಾರಿಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಬಂದ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆಯನ್ನೂ ಇದರ ಜೊತೆ ಗೊಂದಲ ಮಾಡಿಕೊಳ್ಳಬಾರದು. ಅದು ಪ್ರದೇಶದ ಬೆಳೆಗಾರರೆಲ್ಲರ ಸ್ವತ್ತು. ದಾಖಲೆ ತಯಾರಿಸಿಕೊಟ್ಟ ಅಧ್ಯಾಪಕರದೂ ಅಲ್ಲ, ಕಾಲೇಜಿನದೂ ಅಲ್ಲ.

ಪ್ರಬಂಧ ಮೊದಲೋ ಅರ್ಜಿ ಮೊದಲೋ?

ಅರ್ಜಿ. ನಿಯತಕಾಲಿಕೆಯಲ್ಲಿ ಲೇಖನ ಬಂದ ಮೇಲೆ, ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿ ಪಿಎಚ್‌ಡಿ ಪ್ರಬಂಧ ತೆರೆದುಕೊಂಡ ಮೇಲೆ ಅದು ಹೊಸದಲ್ಲ. ವಿದ್ವತ್ ಸಭೆಯಲ್ಲಿ ಓದಿದ ಪ್ರಬಂಧಕ್ಕೆ ಸೆಕ್ಷನ್ 31ರಲ್ಲಿ 12 ತಿಂಗಳ ವಿನಾಯಿತಿ ಇದೆಯಾದರೂ ಅದು ಇಕ್ಕಟ್ಟಿನ ಬಾಗಿಲು, ಅದನ್ನೇ ನಂಬಿ ಕೂರಬೇಡಿ. ತಾತ್ಕಾಲಿಕ ವಿವರಣೆಗೆ 1,600 ಕಟ್ಟಿ ದಿನಾಂಕ ಪಡೆದು, ಮರುದಿನ ಪ್ರಬಂಧ ಕಳಿಸಬಹುದು. ಹಕ್ಕು ಸಂಸ್ಥೆಯದಾಗುವುದಾದರೆ ಆ ಒಂದು ದಿನದ ಕೆಲಸಕ್ಕೆ ಸಂಸ್ಥೆ ಆರು ತಿಂಗಳು ತೆಗೆದುಕೊಳ್ಳಬಾರದು. ಇಷ್ಟು ದಿನದಲ್ಲಿ ಸಂಸ್ಥೆ ಅರ್ಜಿ ಹಾಕದಿದ್ದರೆ ಅಧ್ಯಾಪಕರು ಸ್ವಂತ ಹೆಸರಿನಲ್ಲಿ ಹಾಕಬಹುದು ಎಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ಅರ್ಜಿಯಾದ ಮೇಲೆ

ಈ ಹಂತದಲ್ಲಿ ಸೇವೆಗೆ ಪೂರ್ತಿ ಅಂಕ ಕೊಡಬಹುದು. ಪೇಟೆಂಟ್ ಕಚೇರಿಯ ಆನ್‌ಲೈನ್ ಹುಡುಕಾಟ ವ್ಯವಸ್ಥೆಯಾದ ಇನ್‌ಪಾಸ್‌ನಲ್ಲಿ ಪ್ರಕಟವಾದ ಯಾವ ಅರ್ಜಿಯ ಸ್ಥಿತಿಯನ್ನೂ, ಕಚೇರಿಯ ಆಕ್ಷೇಪಣೆಯನ್ನೂ, ಕೊಟ್ಟ ಉತ್ತರವನ್ನೂ ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಹೊಸದಾಗಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಇಲ್ಲ. ನಿಮ್ಮ ವಿಷಯಕ್ಕೆ ಹತ್ತಿರದ ನಾಲ್ಕು ಅರ್ಜಿ ಹುಡುಕಿ, ಪರೀಕ್ಷಾ ವರದಿಗಳನ್ನು ಓದಿಕೊಂಡು ಆಮೇಲೆ ಬರೆಯಲು ಕೂರಿ. ಅರ್ಜಿದಾರರ ಹೆಸರಿನಿಂದ ಹುಡುಕುವಾಗ ಮಾತ್ರ ತಾಳ್ಮೆ ಬೇಕು. ಒಂದೇ ವಿಶ್ವವಿದ್ಯಾಲಯದ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದರೆ ಹುಡುಕಾಟದಲ್ಲಿ ಎಲ್ಲವೂ ಒಟ್ಟಿಗೆ ಸಿಗುವುದಿಲ್ಲ.

2024ರ ಮಾರ್ಚ್ 15ರಿಂದ ಬಂದ ನಿಯಮದಂತೆ ಹೊಸ ಅರ್ಜಿಗಳಿಗೆ ಪರೀಕ್ಷೆಯ ಕೋರಿಕೆಯನ್ನು 31 ತಿಂಗಳೊಳಗೆ ಸಲ್ಲಿಸಬೇಕು, ಹಿಂದೆ 48 ಇತ್ತು. ಹಳೆಯ ಕೈಪಿಡಿ ಇಟ್ಟುಕೊಂಡವರು ಇಲ್ಲಿ ಎಡವುತ್ತಾರೆ. ಪರೀಕ್ಷಾ ವರದಿ ಬಂದ ದಿನದಿಂದ ಉತ್ತರಕ್ಕೆ ಆರು ತಿಂಗಳು. ಕಾಲಾವಕಾಶ ಹೆಚ್ಚಿಸಿಕೊಳ್ಳಲು ದುಡ್ಡು ಕಟ್ಟಬೇಕು. ವರದಿ ಬರುವುದು ಫಾರಂ 1ರಲ್ಲಿ ಪತ್ರವ್ಯವಹಾರಕ್ಕೆಂದು ಕೊಟ್ಟ ಇಮೇಲ್‌ಗೆ. ಅದು ವರ್ಗವಾಗಿ ಹೋದ ಅಧ್ಯಾಪಕರ ಸ್ವಂತ ವಿಳಾಸವಾಗಿದ್ದರೆ, ಅಥವಾ ಯಾರೂ ತೆರೆಯದ ಕಾಲೇಜಿನ ಹಳೆಯ ಖಾತೆಯಾಗಿದ್ದರೆ, ಒಂದು ದಿನ ಇನ್‌ಪಾಸ್ ತೆರೆದಾಗ ‘ಕೈಬಿಡಲಾಗಿದೆ’ ಎಂದು ಕಾಣುತ್ತದೆ. ವಿಭಾಗಕ್ಕೇ ಒಂದು ಇಮೇಲ್ ಮಾಡಿ, ಇಬ್ಬರ ಬಳಿ ಪಾಸ್‌ವರ್ಡ್ ಇರಲಿ. ವಿಚಾರಣೆ ವಿಡಿಯೋದಲ್ಲಿ ನಡೆಯುವುದರಿಂದ ಕಾರವಾರದಿಂದ ಚೆನ್ನೈಗೆ ರಜೆ ಹಾಕಿ ಹೋಗುವ ಖರ್ಚು ಉಳಿಯುತ್ತದೆ.

ಪೇಟೆಂಟ್ ಸಿಕ್ಕರೆ ಅರ್ಜಿಯ ದಿನದಿಂದ 20 ವರ್ಷ. ಆದರೆ ಮೂರನೇ ವರ್ಷದಿಂದ ನವೀಕರಣ ಶುಲ್ಕ ಇದೆ: ಆರನೆಯ ವರ್ಷದವರೆಗೆ ವರ್ಷಕ್ಕೆ 800, ಹತ್ತರವರೆಗೆ 2,400, ಹದಿನೈದರವರೆಗೆ 4,800, ಇಪ್ಪತ್ತರವರೆಗೆ 8,000. ಒಟ್ಟು 76,800 ರೂಪಾಯಿ. ಕನಿಷ್ಠ ನಾಲ್ಕು ವರ್ಷದ್ದನ್ನು ಮುಂಗಡವಾಗಿ ಆನ್‌ಲೈನಿನಲ್ಲಿ ಕಟ್ಟಿದರೆ ಶೇ. 10 ರಿಯಾಯಿತಿ. ಅರ್ಜಿಗೆ 1,600 ಕೊಡಲು ಮುಂದೆ ಬರುವ ಆಡಳಿತ ಮಂಡಳಿ ಹದಿನಾರನೇ ವರ್ಷದ 8,000ಕ್ಕೂ ಬರುತ್ತದೆಯೇ? ಅಷ್ಟರಲ್ಲಿ ಅಧ್ಯಾಪಕರು ನಿವೃತ್ತರಾಗಿರುತ್ತಾರೆ. ಸಂಸ್ಥೆ ಶುಲ್ಕ ನಿಲ್ಲಿಸುವುದಾದರೆ ಮೂರು ತಿಂಗಳು ಮೊದಲೇ ಆವಿಷ್ಕಾರಕರಿಗೆ ತಿಳಿಸಿ, ಹಕ್ಕನ್ನು ಅವರಿಗೆ ಮರಳಿ ಬರೆದುಕೊಡಬೇಕು ಎಂದು ಮೊದಲ ಒಪ್ಪಂದದಲ್ಲೇ ಸೇರಿಸಿ. ಇದನ್ನು ಕೇಳಲು ಸಂಕೋಚ ಬೇಡ. ಕೇಳದಿದ್ದರೆ ಹಕ್ಕು ಇಬ್ಬರ ಕೈಯಲ್ಲೂ ಉಳಿಯುವುದಿಲ್ಲ.

ಇನ್ನು ದಲ್ಲಾಳಿಗಳ ವಿಚಾರ. ಇಷ್ಟು ಸಾವಿರ ಕೊಟ್ಟರೆ ಆವಿಷ್ಕಾರಕರ ಪಟ್ಟಿಯಲ್ಲಿ ನಿಮ್ಮ ಹೆಸರೂ ಸೇರಿಸುತ್ತೇವೆ, ತಿಂಗಳಲ್ಲಿ ‘ಪ್ರಕಟಣೆ’ ಗ್ಯಾರಂಟಿ ಎಂಬ ಸಂದೇಶಗಳು ಅಧ್ಯಾಪಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತವೆ. ಆ ಗ್ಯಾರಂಟಿ ಎಂದರೆ 2,500 ರೂಪಾಯಿಯ ಫಾರಂ 9, ಅಷ್ಟೇ. ಪ್ರಕಟವಾಗುವುದು ಅರ್ಜಿ, ಪೇಟೆಂಟ್ ಅಲ್ಲ. ಯೋಚಿಸದೆ ಇದ್ದವರು ನಿಜವಾದ ಆವಿಷ್ಕಾರಕರೆಂದು 12ನೇ ಅಂಕಣದಲ್ಲಿ ಸಹಿ ಹಾಕುವುದು ಸುಳ್ಳು ಘೋಷಣೆ. ಹುದ್ದೆಯ ಬಡ್ತಿಗೆ, ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ಫೈಲಿಗೆ ಒಂದು ಕಾಗದ ಸಿಕ್ಕಿತೆಂದು ಅದಕ್ಕೆ ಕೈ ಹಾಕಬೇಡಿ. ಹಾಗೆಯೇ ಅರ್ಜಿ ಮಾತ್ರ ಹಾಕಿದ ಯಂತ್ರದ ಮೇಲೆ ‘ಪೇಟೆಂಟ್ ಪಡೆದದ್ದು’ ಎಂದು ಬರೆಸಿದರೆ ಸೆಕ್ಷನ್ 120ರಂತೆ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಬರೆದ ಕೃತಿಗಳಿಗೂ ಸಾಫ್ಟ್‌ವೇರಿಗೂ ಇರುವ ಕೃತಿಸ್ವಾಮ್ಯ ನೋಂದಣಿಯ ಪೋರ್ಟಲ್ ಬೇರೆ. ಅದು ಸರಳ: ಸಾಹಿತ್ಯ ಕೃತಿಗೆ 500 ರೂಪಾಯಿ, ಡೈರಿ ಸಂಖ್ಯೆ ಬಂದ ಮೇಲೆ ಆಕ್ಷೇಪಣೆಗೆ 30 ದಿನ ಕಾಯಬೇಕು. ಸಾಫ್ಟ್‌ವೇರಾದರೆ ಮೂಲ ಸಂಕೇತದ ಮೊದಲ ಹತ್ತು, ಕೊನೆಯ ಹತ್ತು ಪುಟ ಕೊಡಬೇಕು, ಸಾಲು ಮರೆಮಾಡುವಂತಿಲ್ಲ. ಅರ್ಜಿದಾರರು ಬೇರೆ, ಬರೆದವರು ಬೇರೆ ಆದರೆ ಬರೆದವರ ಒಪ್ಪಿಗೆ ಪತ್ರ ಬೇಕೇ ಬೇಕು. ಪೇಟೆಂಟ್ ಪೋರ್ಟಲಿಗಿಂತ ಅಲ್ಲಿ ಮಾಲೀಕತ್ವದ ಪ್ರಶ್ನೆ ಮೊದಲೇ ಎದುರಾಗುತ್ತದೆ, ಅದು ಒಳ್ಳೆಯದು.

ಪೇಟೆಂಟ್ ಪೋರ್ಟಲಿನಲ್ಲಿ ಆಗಬೇಕಾದ ಬದಲಾವಣೆಯೂ ಅದೇ. ‘ಶಿಕ್ಷಣ ಸಂಸ್ಥೆ’ ಎಂದು ಆರಿಸಿದ ಕೂಡಲೇ, ಆವಿಷ್ಕಾರಕರು ನೌಕರರೋ ವಿದ್ಯಾರ್ಥಿಗಳೋ, ಹಕ್ಕು ವರ್ಗಾವಣೆ ಯಾವ ಕಾಗದದಿಂದ, ಯಾವ ದಿನಾಂಕದ್ದು ಎಂದು ಮೂರು ಸಾಲು ಕೇಳಿದರೆ ಸಾಕು. ಅಲ್ಲಿಯವರೆಗೆ ಆ ಮೂರು ಸಾಲನ್ನು ನೀವೇ ಒಂದು ಹಾಳೆಯಲ್ಲಿ ಬರೆದು, ನೋಂದಣಿ ಪತ್ರ, ಠರಾವು, ವಿದ್ಯಾರ್ಥಿಗಳ ಸಹಿ ಇರುವ ಒಪ್ಪಂದ ಎಲ್ಲ ಸೇರಿಸಿ ಒಂದೇ ಫೈಲಿನಲ್ಲಿಟ್ಟುಕೊಳ್ಳಿ. ಟೋಕನ್ ಸಿಕ್ಕಿಸಿ ಲಾಗಿನ್ ಆಗುವುದು ಅದರ ನಂತರ.